ಹತ್ತಿಗೆ ನೂರು ಹೆಸರು, ಕಡಲೆಗೆ ಎರಡು ಮೂರೇ ಏಕೆ?

ಕೃಷಿ ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು, ಬೇರೆ ಬೇರೆ ಊರುಗಳಿಂದ ಬಂದಿದ್ದರೂ, ಒಂದೇ ವಿಷಯವನ್ನು ಕೇಳಿವೆ: ಹೊಸ ತಳಿಗಳನ್ನು ರೂಪಿಸುವ ಕೆಲಸವನ್ನು ಯಾರು ಮಾಡುತ್ತಾರೆ, ಅದರ ಖರ್ಚನ್ನು ಯಾರು ಹೊರುತ್ತಾರೆ? ಆದ್ದರಿಂದ ರೋಗ, ಕೀಟ, ಗೊಬ್ಬರಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಲ್ಲಿ ಆ ನಾಲ್ಕಕ್ಕೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಎರೆ ಹೊಲ. ಮುಂಗಾರಿನಲ್ಲಿ ಹತ್ತಿ ಬೀಜಕ್ಕೆಂದು ಅಂಗಡಿಗೆ ಹೋದರೆ ವರ್ಷಕ್ಕೊಂದು ಹೊಸ ಹೆಸರಿನ ಪಾಕೀಟುಗಳು ಸಾಲಾಗಿ ಇರುತ್ತವೆ. ಹಿಂಗಾರಿನಲ್ಲಿ ಕಡಲೆ ಬೀಜಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ನಮ್ಮ ತಂದೆಯವರು ಬಿತ್ತುತ್ತಿದ್ದ ಅಣ್ಣಿಗೇರಿ-1, ಇಲ್ಲವೆ ಜೆ.ಜಿ.-11. ಕಡಲೆಯ ಮೇಲೆ ಸಂಶೋಧನೆಯೇ ನಡೆಯುವುದಿಲ್ಲವೇ?
— ರೋಣ ತಾಲ್ಲೂಕಿನ ರೈತರೊಬ್ಬರು

ಉತ್ತರ: ಕಡಲೆಯ ಮೇಲೆ ಸಂಶೋಧನೆ ನಡೆಯುತ್ತಿದೆ. ಹತ್ತಿಯ ಸಂಶೋಧನೆಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ ಹಣದ್ದು, ಮತ್ತು ಆ ವ್ಯತ್ಯಾಸ ಬಿ.ಟಿ. ಹತ್ತಿ (ಕಾಯಿಕೊರಕವನ್ನು ತಡೆಯುವ ಹೊರಗಿನ ಜೀನನ್ನು ಸೇರಿಸಿದ ಹತ್ತಿ) ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ಭಾಗದಲ್ಲಿ ಅದಕ್ಕೆ ನೂರೆಂಬತ್ತು ವರ್ಷಗಳಷ್ಟು ಹಳೆಯ ಬೇರು ಇದೆ.

ಹತ್ತಿಯ ಬೀಜಕ್ಕೆಂದು ಧಾರವಾಡ ಸೀಮೆಯಲ್ಲಿ ಮೊದಲು ಹಣ ಸುರಿದದ್ದು ಈಸ್ಟ್ ಇಂಡಿಯಾ ಕಂಪನಿ. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ನಮ್ಮ ಜವಾರಿ ಹತ್ತಿಯ ಎಳೆ ಆ ಯಂತ್ರಗಳಿಗೆ ಗಿಡ್ಡವಾಗುತ್ತಿತ್ತು. ಹೀಗಾಗಿ 1840ರ ದಶಕದಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆತಂದು, ಹುಬ್ಬಳ್ಳಿಯ ಮಗ್ಗುಲಿನ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿಸಿ, ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಬಿತ್ತಿಸಲಾಯಿತು. ದೇಶದ ಬೇರೆ ಕಡೆಗಳಲ್ಲಿ ಈ ಪ್ರಯತ್ನ ಹೆಚ್ಚಾಗಿ ಸೋತರೂ ನಮ್ಮಲ್ಲಿ ಅದು ನೆಲೆ ನಿಂತಿತು, ಮಾರುಕಟ್ಟೆಯಲ್ಲಿ ‘ಧಾರವಾಡ ಅಮೆರಿಕನ್’ ಎಂಬ ಹೆಸರನ್ನೂ ಪಡೆಯಿತು. ಅದೇ ಹತ್ತಿಯಿಂದ ಆಯ್ಕೆ ಮಾಡಿ ಮುಂದೆ ಗದಗ-1 ಎಂಬ ತಳಿಯನ್ನು ಪಡೆದರು. ಈ ಹೆಸರನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ.

ಎರಡನೆಯ ಘಟ್ಟದಲ್ಲಿ ಖರ್ಚಿನ ವ್ಯವಸ್ಥೆ ಬದಲಾಯಿತು. 1921ರಲ್ಲಿ ಭಾರತೀಯ ಕೇಂದ್ರೀಯ ಹತ್ತಿ ಸಮಿತಿ ರಚನೆಯಾಯಿತು; 1923ರ ಹತ್ತಿ ಸೆಸ್ ಕಾಯ್ದೆಯ ಪ್ರಕಾರ ಗಿರಣಿಗಳು ಬಳಸುವ ಮತ್ತು ಹೊರದೇಶಕ್ಕೆ ಹೋಗುವ ಪ್ರತಿ ಬೇಲಿನ (ಒತ್ತಿ ಕಟ್ಟಿದ ಹತ್ತಿಯ ಮೂಟೆಯ) ಮೇಲೆ ಕೆಲವು ಆಣೆಗಳ ಸೆಸ್, ಅಂದರೆ ಒಂದು ಉದ್ದೇಶಕ್ಕೆಂದೇ ಎತ್ತುವ ತೆರಿಗೆ, ಕೂಡಿಸಿ, ಆ ಹಣವನ್ನು ಹತ್ತಿಯ ಸಂಶೋಧನೆಗೆಂದೇ ಮೀಸಲಿಡಲಾಯಿತು. ಧಾರವಾಡದಲ್ಲಿ ತಳಿತಜ್ಞರಾಗಿದ್ದ ಜಿ. ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯಿಂದ ಜಯವಂತ ತಳಿಯನ್ನು ರೂಪಿಸಿದ್ದು ಆ ಕಾಲದ ಕೆಲಸ. (ಕುಮಟಾ ಹತ್ತಿ ಕುಮಟೆಯಲ್ಲಿ ಬೆಳೆದದ್ದಲ್ಲ, ನಮ್ಮ ಎರೆ ಹೊಲದಲ್ಲಿ ಬೆಳೆದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಆ ಹೆಸರು.) ಹೊಸ ತಳಿಯ ಎಳೆ ಎಷ್ಟು ನಂಬರಿನ (ಎಷ್ಟು ಸಣ್ಣನೆಯ) ನೂಲಿಗೆ ತಾಳುತ್ತದೆ ಎಂಬುದನ್ನು ನೂತು ನೋಡಲು 1924ರಲ್ಲಿ ಸಮಿತಿಯು ಮುಂಬೈಯ ಮಾಟುಂಗದಲ್ಲಿ ಪ್ರಯೋಗಾಲಯವನ್ನೇ ತೆರೆಯಿತು. ಖರ್ಚಿನ ಹಣ ಬೇಲಿನಿಂದ ಬರುತ್ತಿದ್ದುದರಿಂದ ತಳಿಯ ಗುಣವನ್ನೂ ಬೇಲಿನ ಲೆಕ್ಕದಲ್ಲೇ ಅಳೆದರು. ರೈತನ ಎತ್ತುಗಳಿಗೆ ಎಷ್ಟು ಹತ್ತಿಕಾಳು ಸಿಕ್ಕೀತು ಎಂಬುದನ್ನು ಯಾರೂ ಅಷ್ಟಾಗಿ ವಿಚಾರಿಸಲಿಲ್ಲ.

ಇಲ್ಲಿ ನಿಮ್ಮ ಕಡಲೆಯನ್ನು ಗಮನಿಸಿ. ಬೇಲು ಕಟ್ಟಿ ಕಳಿಸುವ ಹತ್ತಿಯ ಮೇಲೆ ಸೆಸ್ ಹಾಕುವುದು ಸುಲಭ. ಮನೆಯ ಹಗೆವಿನಲ್ಲಿ ಉಳಿಯುವ ಜೋಳ, ಊರ ಸಂತೆಯಲ್ಲೇ ಮಾರಾಟವಾಗುವ ಕಡಲೆ, ಸಾವೆ, ಹೆಸರುಗಳ ಮೇಲೆ ಅದು ಸಾಧ್ಯವಿರಲಿಲ್ಲ. ಆದ್ದರಿಂದ ಈ ಬೆಳೆಗಳಿಗೆ ತಮ್ಮದೇ ಆದ ನಿಧಿ ಹುಟ್ಟಲಿಲ್ಲ. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗದ ಶಿಫಾರಸಿನಂತೆ 1929ರಲ್ಲಿ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು, ಅಂದರೆ ಇಂದಿನ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಸ್ಥಾಪನೆಯಾದ ಮೇಲೆಯೇ ಇವುಗಳಿಗೆ ಸರಕಾರದ ಸಾಮಾನ್ಯ ಬೊಕ್ಕಸದ ಕಡೆಯಿಂದ ಒಂದಿಷ್ಟು ದಾರಿ ತೆರೆಯಿತು.

ಸ್ವಾತಂತ್ರ್ಯದ ನಂತರ ಆದದ್ದು ಖರ್ಚಿನ ಬದಲಾವಣೆಗಿಂತ ದೊಡ್ಡದಾದ ಸಂಘಟನೆಯ ಬದಲಾವಣೆ. ಅಲ್ಲಿಯವರೆಗೆ ಒಬ್ಬ ತಳಿತಜ್ಞ ತನ್ನ ಕೇಂದ್ರದಲ್ಲಿ ತಾನು ಮಾಡಿದ ಆಯ್ಕೆಯನ್ನು ತನ್ನ ಸೀಮೆಗೆ ಕೊಡುತ್ತಿದ್ದ. 1957ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಂದಿಗೆ ಗೋವಿನಜೋಳದಲ್ಲಿ ಅಖಿಲ ಭಾರತ ಸಮನ್ವಯ ಯೋಜನೆ ಆರಂಭವಾಯಿತು. ಒಂದೇ ಬೆಳೆಯ ಮೇಲೆ ಕೆಲಸ ಮಾಡುವ ದೇಶದ ಎಲ್ಲ ಕೇಂದ್ರಗಳು ತಮ್ಮ ಬೀಜವನ್ನು ಪರಸ್ಪರ ಹಂಚಿಕೊಂಡು, ಒಂದೇ ಪದ್ಧತಿಯಲ್ಲಿ ಹಲವು ಊರುಗಳಲ್ಲಿ ಬಿತ್ತಿ, ವರ್ಷಕ್ಕೊಮ್ಮೆ ಒಂದೆಡೆ ಕುಳಿತು ಅಂಕಿಗಳನ್ನು ಹೋಲಿಸಿ ನೋಡುವ ಈ ಕ್ರಮ ಮುಂದೆ ಬಹುತೇಕ ಎಲ್ಲ ಬೆಳೆಗಳಿಗೂ ವಿಸ್ತರಿಸಿತು. 1960ರ ದಶಕದ ನಡುವಿನಲ್ಲಿ ಪರಿಷತ್ತನ್ನು ಪುನಾರಚಿಸಿದಾಗ ಹತ್ತಿ ಸಮಿತಿಯೂ ಸೇರಿದಂತೆ ಬೆಳೆವಾರು ಸಮಿತಿಗಳು ರದ್ದಾದವು. ಹತ್ತಿಯ ಸಮನ್ವಯ ಯೋಜನೆ 1967ರಲ್ಲಿ ಶುರುವಾಯಿತು. ನೀವು ಬಿತ್ತುತ್ತಿರುವ ಜೆ.ಜಿ.-11 ಮಧ್ಯಪ್ರದೇಶದ ಜಬಲ್ಪುರದ ತಳಿ. ಅದು ರೋಣದ ಹೊಲಕ್ಕೆ ತಲುಪಿದ್ದು ಈ ಬಗೆಯ ವಿನಿಮಯದ ದಾರಿಯಲ್ಲೇ. ನನ್ನ ಅಭಿಪ್ರಾಯದಲ್ಲಿ ಸಾರ್ವಜನಿಕ ಹಣದಿಂದ ನಡೆದ ತಳಿ ಅಭಿವೃದ್ಧಿಯ ಅತ್ಯುತ್ತಮ ಗುಣ ಇದೇ: ಬೀಜವನ್ನು ಬಚ್ಚಿಡುವ ಅಗತ್ಯ ಯಾರಿಗೂ ಇರಲಿಲ್ಲ.

ಇನ್ನು ವರಲಕ್ಷ್ಮಿ ಎಂಬ ಹೈಬ್ರಿಡ್, ಅಂದರೆ ಸಂಕರ, ಹತ್ತಿಯ ಕಥೆ. 1970ರಲ್ಲಿ ಸೂರತ್ತಿನಲ್ಲಿ ಸಿ. ಟಿ. ಪಟೇಲ್ ಅವರು ಹೈಬ್ರಿಡ್-4 ಎಂಬ ಹತ್ತಿಯನ್ನು ಕೊಟ್ಟರು. ವಾಣಿಜ್ಯ ಬೇಸಾಯಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. ಎರಡು ವರ್ಷ ಕಳೆದು, 1972ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕತ್ತರಕಿ ಅವರು ಎರಡು ಭಿನ್ನ ಜಾತಿಗಳ ಹತ್ತಿಯನ್ನೇ ಕೂಡಿಸಿ ವರಲಕ್ಷ್ಮಿಯನ್ನು ರೂಪಿಸಿದರು. ಅದರ ತಾಯಿ ಲಕ್ಷ್ಮಿ ಎಂಬ ತಳಿ. ಆ ಲಕ್ಷ್ಮಿ ಹುಟ್ಟಿದ್ದು ಗದಗ-1 ಮತ್ತು ಕೊಯಮತ್ತೂರಿನ ಒಂದು ತಳಿಯ ಸಂಕರದಿಂದ. ಅಂದರೆ ಕಂಪನಿ ಸರಕಾರದ ದುಡ್ಡಿನಲ್ಲಿ ಕುಸುಗಲ್ಲಿಗೆ ಬಂದ ಬೀಜದ ವಂಶವು, ಸೆಸ್ಸಿನ ಕಾಲವನ್ನು ದಾಟಿ, ತೆರಿಗೆಯ ಹಣದಲ್ಲಿ ನಡೆದ ಪ್ರಯೋಗದಲ್ಲಿ ವರಲಕ್ಷ್ಮಿಯಾಗಿ ಹೊರಬಂತು. ಅದರ ಬೆನ್ನಿಗೆ 1981ರಲ್ಲಿ ಡಿ.ಸಿ.ಎಚ್.-32, ಜನರ ಬಾಯಲ್ಲಿ ಜಯಲಕ್ಷ್ಮಿ, ಬಂದಿತು.

ಹೈಬ್ರಿಡ್ ಬಂದೊಡನೆ ಹಣದ ಹಾದಿ ಮತ್ತೊಮ್ಮೆ ತಿರುಗಿತು. ಹೈಬ್ರಿಡ್ ಬೆಳೆಯ ಕಾಳನ್ನು ತೆಗೆದಿಟ್ಟು ಮರುವರ್ಷ ಬಿತ್ತಿದರೆ ಗಿಡಗಳು ಒಂದರಂತೆ ಒಂದು ಇರುವುದಿಲ್ಲ, ಇಳುವರಿಯೂ ಇಳಿಯುತ್ತದೆ. ಆದ್ದರಿಂದ ರೈತ ಪ್ರತಿ ವರ್ಷ ಅಂಗಡಿಗೆ ಬರಲೇಬೇಕು. ಬೀಜ ಮಾರುವವನಿಗೆ ಇದಕ್ಕಿಂತ ಭದ್ರವಾದ ಆದಾಯ ಇನ್ನೊಂದಿಲ್ಲ. 1988ರ ಹೊಸ ಬೀಜ ನೀತಿ ಮತ್ತು 1991ರ ಉದಾರೀಕರಣ ಖಾಸಗಿ ಕಂಪನಿಗಳಿಗೆ ಬಾಗಿಲನ್ನು ಅಗಲಗೊಳಿಸಿದವು. 2002ರ ಮಾರ್ಚ್‌ನಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು. ಆ ಮೇಲೆ ಪಾಕೀಟಿನ ಬೆಲೆಯಲ್ಲೇ ಜೀನಿನ ಮಾಲೀಕರ ಪಾಲು ಸೇರಿಕೊಂಡಿತು. ಕೇಂದ್ರ ಸರಕಾರ 2015ರಲ್ಲಿ ಬೆಲೆ ನಿಯಂತ್ರಣ ಆದೇಶ ಹೊರಡಿಸಿ, 2016ರಲ್ಲಿ 450 ಗ್ರಾಮಿನ ಎರಡನೆಯ ಪೀಳಿಗೆಯ ಬಿ.ಟಿ. ಪಾಕೀಟಿಗೆ 800 ರೂಪಾಯಿ ನಿಗದಿ ಮಾಡಿದಾಗ ಅದರಲ್ಲಿ ಜೀನಿನ ಶುಲ್ಕ 49 ರೂಪಾಯಿ ಇತ್ತು. 2020ರ ಹೊತ್ತಿಗೆ ಆ ಶುಲ್ಕವನ್ನು ಪೂರ್ತಿ ತೆಗೆದುಹಾಕಲಾಯಿತು. ಸರಕಾರಿ ಸಂಸ್ಥೆಗಳೂ ಸುಮ್ಮನೆ ಕೂರಲಿಲ್ಲ: ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ಸೇರಿ, ರೈತರು ಬೀಜ ಉಳಿಸಿಕೊಳ್ಳಬಹುದಾದ ಬಿಕಾನೇರಿ ನರ್ಮಾ ಬಿ.ಟಿ. ತಳಿಯನ್ನು ತಂದವು. ಆದರೆ ಅದರಲ್ಲಿ ಖಾಸಗಿ ಕಂಪನಿಯ ಜೀನಿನ ಬೆರಕೆ ಇದೆಯೆಂಬ ಕಾರಣಕ್ಕೆ ಮಾರಾಟ ಆರಂಭದಲ್ಲೇ ನಿಂತುಹೋಯಿತು. ಅಷ್ಟಕ್ಕೆ ಸಾರ್ವಜನಿಕ ಬಿ.ಟಿ. ಬೀಜದ ಆಸೆ ಬಹುಮಟ್ಟಿಗೆ ಮುಗಿಯಿತು.

ಈಗ ಕಡಲೆಗೆ ಬರೋಣ. ಕಡಲೆ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆ. ಇಂದು ತಂದ ಬೀಜವನ್ನು ನೀವು ನಾಲ್ಕೈದು ವರ್ಷ ಮನೆಯಲ್ಲೇ ಕಾದಿಟ್ಟು ಬಿತ್ತಬಹುದು. ಹತ್ತಿಗೆ ಎಕರೆಗೆ ಒಂದೆರಡು ಪಾಕೀಟು ಸಾಕಾದರೆ ಕಡಲೆಗೆ ಇಪ್ಪತ್ತು ಕಿಲೋಗೂ ಮಿಕ್ಕಿ ಬೇಕು. ಅಷ್ಟು ತೂಕವನ್ನು ಸಂಗ್ರಹಿಸಿ, ಹುಳ ಹತ್ತದಂತೆ ಕಾಯ್ದು, ಸಾಗಿಸಿ ಮಾರಿದರೂ ಲಾಭ ಕಾಳಿನ ಪೇಟೆಯ ಧಾರಣೆಗಿಂತ ಸ್ವಲ್ಪವೇ ಮೇಲೆ. ಶೇಂಗಾದ ಸ್ಥಿತಿ ಇದಕ್ಕಿಂತ ಕಷ್ಟ. ಇಂಥ ಬೆಳೆಗೆ ಹತ್ತು ವರ್ಷ ದುಡ್ಡು ಹಾಕಿ ತಳಿ ಮಾಡುವ ಕಂಪನಿ ಇಲ್ಲ, ಅದನ್ನು ದೂರುವುದರಲ್ಲಿ ಅರ್ಥವೂ ಇಲ್ಲ. 1978ರ ಅಣ್ಣಿಗೇರಿ-1 ಇಂದಿಗೂ ನಿಮ್ಮ ಹೊಲದಲ್ಲಿರುವುದಕ್ಕೆ ಅದರ ಸ್ವಂತ ಗುಣ ಒಂದು ಕಾರಣ. ಅದನ್ನು ಮೀರಿಸುವ ಕೆಲಸಕ್ಕೆ ಸರಕಾರದ ಹೊರತು ಬೇರೆ ಒಡೆಯರಿಲ್ಲದಿರುವುದು ಇನ್ನೊಂದು ಕಾರಣ. ಆದರೂ ಕೆಲಸ ನಿಂತಿಲ್ಲ: ಅದೇ ತಳಿಗೆ ಸೊರಗು ರೋಗ ತಡೆಯುವ ಗುಣವನ್ನು ಸೇರಿಸಿ, ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು ರೂಪಿಸಿದ ಸೂಪರ್ ಅಣ್ಣಿಗೇರಿ-1 ಬಿಡುಗಡೆಯಾಗಿದೆ. ಮುಂದಿನ ಹಿಂಗಾರಿನಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಆ ಹೆಸರನ್ನು ಹೇಳಿ ಕೇಳಿ. ಬೇಡಿಕೆ ದಾಖಲಾಗದ ತಳಿಯ ಮೂಲಬೀಜವನ್ನು ಯಾರೂ ಹೆಚ್ಚು ಬೆಳೆಸುವುದಿಲ್ಲ.

ಪ್ರಶ್ನೆ: ನಾವು ಮೂರು ವರ್ಷದಿಂದ ಕಂಪನಿಯೊಂದಕ್ಕೆ ಟೊಮೆಟೊ ಮತ್ತು ಮೆಣಸಿನಕಾಯಿ ಕ್ರಾಸಿಂಗ್ ಪ್ಲಾಟ್ ಮಾಡುತ್ತಿದ್ದೇವೆ. ಹೂ ಬಿಡಿಸಿ, ಪರಾಗ ಹಚ್ಚಿ ಬೀಜ ಮಾಡುವವರು ನಾವೇ. ಹಾಗಿದ್ದ ಮೇಲೆ ಆ ತಳಿಯ ಮೇಲೆ ನಮಗೆ ಯಾವ ಹಕ್ಕೂ ಇಲ್ಲವೇ?
— ರಾಣೆಬೆನ್ನೂರು ತಾಲ್ಲೂಕಿನ ಓದುಗರು

ಉತ್ತರ: ಕಾನೂನಿನ ದೃಷ್ಟಿಯಲ್ಲಿ ಇಲ್ಲ. ನೀವು ಮಾಡುತ್ತಿರುವುದು ಬೀಜೋತ್ಪಾದನೆ. ತಳಿ ಅಭಿವೃದ್ಧಿ ಆಗುವುದು ನಿಮ್ಮ ಹೊಲಕ್ಕೆ ಗಂಡು ಸಾಲಿನ ಮತ್ತು ಹೆಣ್ಣು ಸಾಲಿನ (ಸಂಕರಕ್ಕೆ ಬಳಸುವ ತಂದೆ, ತಾಯಿ ವಂಶಗಳ) ಬೀಜ ಬರುವ ಎಷ್ಟೋ ವರ್ಷ ಮೊದಲು. ಆ ಎರಡು ಸಾಲುಗಳು ಯಾರ ಕೈಯಲ್ಲಿವೆಯೋ ಹೈಬ್ರಿಡ್ ಅವರದು. ನಿಮಗೆ ಕೊಡುವಾಗ ಅವುಗಳಿಗೆ ಹೆಸರಿನ ಬದಲು ಬರಿಯ ಸಂಖ್ಯೆ ಇರುವುದನ್ನು ನೀವೂ ನೋಡಿರಬಹುದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ (2001) ಪ್ರಕಾರ ನೋಂದಾಯಿತ ತಳಿಯನ್ನು ಉತ್ಪಾದಿಸುವ, ಮಾರುವ ಹಕ್ಕು ತಳಿವರ್ಧಕನಿಗೆ ಮೀಸಲು. ಸಾಮಾನ್ಯ ಬೆಳೆಗಳಿಗೆ ಅದರ ಗರಿಷ್ಠ ಅವಧಿ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ.

ಆದರೆ ನಿಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ನ್ಯಾಯವಾದ ಕೊರಗು ಇದೆ ಎಂದು ನನಗನಿಸುತ್ತದೆ. ತಳಿ ಅಭಿವೃದ್ಧಿ ಸರಕಾರದ ಕೇಂದ್ರದಿಂದ ಕಂಪನಿಯ ಕೈಗೆ ಹೋದಾಗ ಬೀಜೋತ್ಪಾದನೆಯ ಅಪಾಯವೂ ಸ್ಥಳ ಬದಲಿಸಿತು. ಸರಕಾರಿ ಕೇಂದ್ರದ ಹೊಲದಲ್ಲಿ ಮಳೆಗೆ ಬೀಜ ಹಾಳಾದರೆ ಆ ನಷ್ಟ ಕೇಂದ್ರದ್ದು. ಇಂದು ಮೊಳಕೆಯ ಪರೀಕ್ಷೆಯಲ್ಲಿ ಅಥವಾ ತಳಿ ಶುದ್ಧತೆಯ ಪರೀಕ್ಷೆಯಲ್ಲಿ ಮಾಲು ಬಿದ್ದರೆ ಆ ನಷ್ಟ ಬೆಳೆದವರದು. ಕಂಪನಿಗೂ ಬೆಳೆದವರಿಗೂ ನಡುವೆ ಆರ್ಗನೈಜರ್ ಎಂಬ ಮಧ್ಯವರ್ತಿ ಇರುತ್ತಾನೆ. ಅನೇಕ ಕಡೆ ಒಪ್ಪಂದ ಅವನ ಬಾಯಿಮಾತಿನಲ್ಲೇ ಮುಗಿಯುತ್ತದೆ. ಆದ್ದರಿಂದ ತಳಿಯ ಹಕ್ಕಿನ ಬದಲು ಒಪ್ಪಂದದ ಹಾಳೆಯನ್ನು ಕೇಳಿ: ಕಿಲೋಗೆ ದರ, ಹಣ ಕೊಡುವ ಅವಧಿ, ಪರೀಕ್ಷೆಯ ಫಲಿತಾಂಶವನ್ನು ಲಿಖಿತವಾಗಿ ಕೊಡುವ ಷರತ್ತು, ಪರೀಕ್ಷೆಯಲ್ಲಿ ಬಿದ್ದ ಮಾಲಿನ ಎರಡನೆಯ ಮಾದರಿಯನ್ನು ಬೇರೆ ಕಡೆ ಪರೀಕ್ಷಿಸುವ ಅವಕಾಶ. ಒಬ್ಬಿಬ್ಬರು ಕೇಳಿದರೆ ಕೊಡಲಿಕ್ಕಿಲ್ಲ. ಊರಿನ ಪ್ಲಾಟಿನವರೆಲ್ಲ ಸೇರಿ ಕೇಳಿದರೆ ಕೊಡದೆ ಇರುವುದು ಅವರಿಗೂ ಕಷ್ಟ, ಯಾಕೆಂದರೆ ನಿಮ್ಮ ತಾಲ್ಲೂಕಿನ ಹೆಣ್ಣುಮಕ್ಕಳ ಕೈಚಳಕವನ್ನು ಇನ್ನೊಂದು ಊರಿನಲ್ಲಿ ಒಂದೆರಡು ಹಂಗಾಮಿನಲ್ಲಿ ಕಲಿಸಲು ಆಗುವುದಿಲ್ಲ.

ಪ್ರಶ್ನೆ: ತಳಿ ಅಭಿವೃದ್ಧಿಯನ್ನು ಪೂರ್ತಿಯಾಗಿ ಖಾಸಗಿಯವರಿಗೆ ಬಿಟ್ಟುಕೊಟ್ಟ ದೇಶಗಳು ಇವೆಯೇ? ಅಲ್ಲಿ ಏನಾಯಿತು?
— ಧಾರವಾಡದ ಕೃಷಿ ವಿದ್ಯಾರ್ಥಿನಿ

ಉತ್ತರ: ಎರಡು ಉದಾಹರಣೆಗಳನ್ನು ಕೊಡುತ್ತೇನೆ. 1912ರಲ್ಲಿ ಹುಟ್ಟಿದ ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆ ಬ್ರಿಟನ್ನಿನ ಗೋಧಿ, ಬಾರ್ಲಿ, ಬಟಾಟೆಗಳ ಹೆಸರಾಂತ ತಳಿಗಳ ತವರು. ಮಾರಿಸ್ ಪೈಪರ್ ಬಟಾಟೆ ಅಲ್ಲಿಯದು. ಬ್ರಿಟನ್ನಿನಲ್ಲಿ ತಳಿ ಹಕ್ಕಿನ ಕಾಯ್ದೆ ಇದ್ದುದರಿಂದ ಅದಕ್ಕೆ ಬೀಜದ ರಾಜಧನ (ರಾಯಲ್ಟಿ) ಚೆನ್ನಾಗಿ ಬರುತ್ತಿತ್ತು, ಅಂದರೆ ನಷ್ಟದ ಸಂಸ್ಥೆಯೇನೂ ಅಲ್ಲ. 1987ರಲ್ಲಿ ಸರಕಾರ ಅದರ ತಳಿ ವಿಭಾಗವನ್ನು, ರಾಷ್ಟ್ರೀಯ ಬೀಜ ಸಂಸ್ಥೆಯೊಂದಿಗೆ ಸೇರಿಸಿ, ಸುಮಾರು 66 ದಶಲಕ್ಷ ಪೌಂಡಿಗೆ ಯೂನಿಲಿವರ್ ಕಂಪನಿಗೆ ಮಾರಿತು. ಹನ್ನೊಂದು ವರ್ಷಗಳ ನಂತರ ಯೂನಿಲಿವರ್ ಅದನ್ನೇ ಅಮೆರಿಕದ ಮಾನ್ಸಾಂಟೊ ಕಂಪನಿಗೆ ಮಾರಿದಾಗ ಬಂದ ಬೆಲೆ 320 ದಶಲಕ್ಷ ಪೌಂಡು. ಮೂಲ ವಿಜ್ಞಾನದ ವಿಭಾಗ ಮಾತ್ರ ಸರಕಾರದ ಬಳಿ ಉಳಿದು ನಾರಿಚ್ ನಗರಕ್ಕೆ ಹೋಯಿತು. ಒಂದೇ ಸೂರಿನಡಿ ಇದ್ದ ಎರಡು ಕೆಲಸಗಳು, ಅಂದರೆ ಬೆಳೆಯ ಕಾಡು ಸಂಬಂಧಿ ಸಸ್ಯಗಳಿಂದ ಗುಣ ಹುಡುಕುವುದು ಮತ್ತು ಆ ಗುಣವನ್ನು ಬಿತ್ತುವ ತಳಿಗೆ ತರುವುದು, ಹೀಗೆ ಬೇರ್ಪಟ್ಟದ್ದು ಬೆಲೆಗಿಂತ ದೊಡ್ಡ ನಷ್ಟ ಎಂದು ನಾನು ಎಣಿಸುತ್ತೇನೆ. ಮೊದಲನೆಯದಕ್ಕೆ ಲಾಭವಿಲ್ಲ, ಎರಡನೆಯದು ಅದಿಲ್ಲದೆ ಬಹುಕಾಲ ನಡೆಯುವುದಿಲ್ಲ.

ಆಸ್ಟ್ರೇಲಿಯಾದ್ದು ಬೇರೆ ರೀತಿ. ಅಲ್ಲಿ ಗೋಧಿಯ ತಳಿ ಕೆಲಸವು ರಾಜ್ಯಗಳ ಕೃಷಿ ಇಲಾಖೆಗಳಿಂದ ಕಂಪನಿಗಳಿಗೆ ಹೋಯಿತು. ಆದರೆ ರೈತ ಬೀಜ ಉಳಿಸಿಕೊಳ್ಳುವುದನ್ನು ತಡೆಯಲಿಲ್ಲ. ಅವನು ಕಾಳು ಮಾರುವಾಗ, ಯಾವ ತಳಿಯೆಂದು ಘೋಷಿಸಿ, ಟನ್ನಿಗೆ ಕೆಲವು ಡಾಲರಿನಂತೆ ತಳಿಯ ಒಡೆಯನಿಗೆ ಕೊಡುತ್ತಾನೆ. ಬೆಳೆ ಬಾರದ ವರ್ಷ ಕೊಡುವುದೇನೂ ಇಲ್ಲ. ಇದರ ಜೊತೆಗೆ ಧಾನ್ಯ ಬೆಳೆಗಾರರೆಲ್ಲ ಮಾರಾಟದ ಮೌಲ್ಯದ ಸುಮಾರು ಶೇಕಡಾ 1ರಷ್ಟನ್ನು ಸಂಶೋಧನಾ ನಿಗಮಕ್ಕೆ ಕೊಡುತ್ತಾರೆ, ಸರಕಾರವೂ ತನ್ನ ಪಾಲು ಸೇರಿಸುತ್ತದೆ. ಕೆಲವೇ ದೊಡ್ಡ ಸಂಗ್ರಹ ಕೇಂದ್ರಗಳಿಗೆ ಕಾಳು ಬರುವ ದೇಶದಲ್ಲಿ ಇದು ಸಾಧ್ಯ. ಮೂರು ಚೀಲ ಕಡಲೆಯನ್ನು ಮೂರು ಸಲ ಮೂರು ಕಡೆ ಮಾರುವ ನಮ್ಮಲ್ಲಿ ತಳಿಯ ಲೆಕ್ಕ ಇಡುವವರು ಯಾರು?

ಆದರೂ ಮೀಸಲು ಸೆಸ್ಸಿನ ವಿಚಾರ ನಮಗೆ ಹೊಸದೇನಲ್ಲ. ಹತ್ತಿಯ ಸೆಸ್ಸನ್ನು ಮೇಲೆ ಹೇಳಿದೆ. ರಫ್ತಾಗುವ ಕೃಷಿ ಉತ್ಪನ್ನಗಳ ಮೇಲೆ ಸಂಶೋಧನೆಗೆಂದೇ ಸೆಸ್ ಹಾಕುವ 1940ರ ಕಾಯ್ದೆಯೂ ಇತ್ತು, ಅದನ್ನು 2006ರಲ್ಲಿ ರದ್ದುಗೊಳಿಸಲಾಯಿತು. ಗದಗ, ಅಣ್ಣಿಗೇರಿಗಳ ಎ.ಪಿ.ಎಂ.ಸಿ.ಯಲ್ಲಿ ಕಡಲೆಗೆ ಹೇಗೂ ಮಾರುಕಟ್ಟೆ ಶುಲ್ಕ ಇದೆ. ಅದರ ಒಂದು ಸಣ್ಣ ಪಾಲನ್ನು ಕಡಲೆಯ ತಳಿಗೇ ಮೀಸಲಿಟ್ಟು, ಅದನ್ನು ಖರ್ಚು ಮಾಡುವ ಸಮಿತಿಯಲ್ಲಿ ಬೆಳೆಗಾರರನ್ನು ಕೂರಿಸಬಾರದೇಕೆ ಎಂಬುದು ನನ್ನ ಬಹುದಿನದ ಪ್ರಶ್ನೆ. ಒಂದು ತಳಿಗೆ ಮೊದಲ ಸಂಕರದಿಂದ ಬಿಡುಗಡೆಯವರೆಗೆ ಎಂಟು ಹತ್ತು ವರ್ಷ ಬೇಕು. ಯೋಜನೆಗಳಿಗೆ ಮಂಜೂರಾಗುವುದು ಹೆಚ್ಚಾಗಿ ಮೂರು ವರ್ಷದ ಹಣ. ಐದನೆಯ ಪೀಳಿಗೆಯವರೆಗೆ ಬಂದ ಸಾಲುಗಳು, ಯೋಜನೆ ಮುಗಿದು ನೋಡಿಕೊಳ್ಳುವವರಿಲ್ಲದೆ, ಕಪಾಟಿನಲ್ಲಿ ಮೊಳಕೆ ಶಕ್ತಿ ಕಳೆದುಕೊಂಡದ್ದನ್ನು ನಾನೇ ಕಂಡಿದ್ದೇನೆ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದೆಯಲ್ಲ, ಇನ್ನು ಅದರ ತಳಿಯನ್ನು ಯಾರಾದರೂ ಕಾಪಾಡುತ್ತಾರೆಯೇ? ಮನೆಯ ಬೀಜ ಮಾರಿದರೆ ತಪ್ಪೇ?
— ಬ್ಯಾಡಗಿಯ ಓದುಗರು

ಉತ್ತರ: 2011ರಲ್ಲಿ ಸಿಕ್ಕ ಆ ಗುರುತು ಹೆಸರನ್ನು ಕಾಪಾಡುತ್ತದೆ, ಬೀಜವನ್ನಲ್ಲ, ಅದರಿಂದ ತಳಿ ಕೆಲಸಕ್ಕೆ ತಾನಾಗಿ ಹಣ ಹುಟ್ಟುವುದಿಲ್ಲ. ಕಂಪನಿಗಳು ಹೈಬ್ರಿಡ್ ಮೆಣಸಿನಕಾಯಿಗೆ ಹಣ ಹಾಕುತ್ತವೆ, ಮನೆಬೀಜದ ಡಬ್ಬಿ, ಕಡ್ಡಿ ಎಂಬ ಬ್ಯಾಡಗಿಯ ಬಗೆಗಳಿಗೆ ಹಾಕುವುದಿಲ್ಲ, ಕಾರಣ ಕಡಲೆಯದೇ.

ಮನೆಯ ಬೀಜ ಮಾರುವುದು ತಪ್ಪಲ್ಲ. ಮೇಲೆ ಹೇಳಿದ 2001ರ ಕಾಯ್ದೆಯ 39ನೆಯ ಕಲಮು, ನೋಂದಾಯಿತ ತಳಿಯ ಬೀಜವನ್ನೂ ಸೇರಿಸಿ, ರೈತ ಉಳಿಸಬಹುದು, ಬಿತ್ತಬಹುದು, ಕೊಡು-ಕೊಳ್ಳು ಮಾಡಬಹುದು, ಮಾರಲೂಬಹುದು ಎನ್ನುತ್ತದೆ. ತಳಿಯ ಹೆಸರಿನ ಚೀಟಿ ಹಚ್ಚಿ ಬ್ರ್ಯಾಂಡ್ ಮಾಡಿ ಮಾರುವಂತಿಲ್ಲ, ಅಷ್ಟೆ. ನಿಮ್ಮ ಮನೆತನದಲ್ಲೇ ಆಯ್ದುಕೊಂಡು ಬಂದ ಸಾಲಿದ್ದರೆ ಅದನ್ನು ರೈತರ ತಳಿಯೆಂದು ನೋಂದಾಯಿಸಲೂ ಅವಕಾಶವಿದೆ, ರೈತರಿಗೆ ಶುಲ್ಕವಿಲ್ಲ.

ಕಾಪಾಡುವ ಕೆಲಸ ಸದ್ಯಕ್ಕೆ ನಿಮ್ಮ ಹೊಲದಲ್ಲೇ ಆಗಬೇಕಾಗಿದೆ. ಮೆಣಸಿನಕಾಯಿಯಲ್ಲಿ ಜೇನುಹುಳುಗಳಿಂದ ಪರಾಗ ಬೆರೆಯುತ್ತದೆ. ಪ್ರಮಾಣಿತ ಬೀಜಕ್ಕೆ ಬೇರೆ ತಳಿಯಿಂದ 200 ಮೀಟರ್ ಅಂತರ ಬೇಕೆನ್ನುತ್ತಾರೆ. ಪಕ್ಕದವರು ಹೈಬ್ರಿಡ್ ಹಾಕಿದ್ದರೆ ಬದುವಿನ ಕಡೆಯ ಸಾಲುಗಳ ಕಾಯಿಯನ್ನು ಬೀಜಕ್ಕೆ ತೆಗೆಯಬೇಡಿ. ಒಣಗಿಸಿದ ರಾಶಿಯಿಂದ ಚೆಂದದ ಕಾಯಿ ಆರಿಸುವುದೂ ಸಾಲದು, ಯಾಕೆಂದರೆ ರಾಶಿಯಲ್ಲಿ ಗಿಡ ಕಾಣುವುದಿಲ್ಲ. ಕಾಯಿ ಕೆಂಪಾಗುವ ಹೊತ್ತಿಗೆ ಹೊಲದ ನಡುವೆ ನಡೆದು, ಮುದುಡು ರೋಗವಿಲ್ಲದ, ಸುಕ್ಕು ಚೆನ್ನಾಗಿ ಬಿದ್ದ ಕಾಯಿ ಬಿಡುವ ನಲವತ್ತು ಐವತ್ತು ಗಿಡಗಳಿಗೆ ದಾರ ಕಟ್ಟಿ, ಅವುಗಳ ಕಾಯಿಯನ್ನು ಮಾತ್ರ ಬೇರೆ ಒಣಗಿಸಿ ಇಟ್ಟುಕೊಳ್ಳಿ.